‘ಕಾಸ್ಮೋಸ್’ ಚಿತ್ರಮಾಲಿಕೆ: ಒಂದು ವಿಮರ್ಶೆ

೧

ಸಾಹಿತ್ಯ ಸಂಶೋಧನೆಗೆಂದು ಹೊರಬರುವ ಈ ಸ್ಮರಣ ಸಂಚಿಕೆಯಲ್ಲಿ ದೂರದರ್ಶನದ ವಿಜ್ಞಾನಮಾಲಿಕೆಯೊಂದರ ವಿಮರ್ಶೆಗೆ ಎಡೆಯುಂಟೆ ಎಂಬ ಸಂದೇಹ ಕೆಲವು ವಾಚಕಮಹಾಶಯರಿಗೆ ಬರಬಹುದು. ಆದರೆ ಶಾಸ್ತ್ರವನ್ನು ಜನರ ಮಾತಿನಲ್ಲಿ ಹೇಳುವ ಕೆಲಸವನ್ನು ಕನ್ನಡವು ಎಂದೂ ಸಾಹಿತ್ಯದಿಂದ ಹೊರಗಿಟ್ಟಿಲ್ಲ. ೧೦೪೯ರಲ್ಲಿ ಶ್ರೀಧರಾಚಾರ್ಯನು ‘ಜಾತಕತಿಲಕ’ವನ್ನು ಬರೆದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಗಣಿತವನ್ನೇ ಪದ್ಯಕ್ಕೆ ತಂದನು. ನಮ್ಮ ಕಾಲಕ್ಕೆ ಹತ್ತಿರವಾಗಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಮಕ್ಕಳ ಕೈಗಿತ್ತರು. ತಾಳೆಗರಿಯಿಂದ ಅಚ್ಚಿಗೆ, ಅಚ್ಚಿನಿಂದ ತೆರೆಗೆ ಸಾಧನ ಬದಲಾಗಿದೆಯೇ ಹೊರತು ಕೆಲಸ ಬದಲಾಗಿಲ್ಲ. ತಿಳಿದವನು ತಿಳಿಯದವನಿಗೆ ಹೇಗೆ ಹೇಳಬೇಕು ಎಂಬುದೇ ಅಲ್ಲಿಯೂ ಇಲ್ಲಿಯೂ ಇರುವ ಪ್ರಶ್ನೆ. ಅಧ್ಯಾಪಕರಾದ ನಮಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇರೊಂದಿಲ್ಲ.

ನಾನು ಎತ್ತಿಕೊಂಡಿರುವ ಕೃತಿ ‘ಕಾಸ್ಮೋಸ್’. ಅಮೆರಿಕದ ಸಾರ್ವಜನಿಕ ದೂರದರ್ಶನ ಸಂಸ್ಥೆಯಾದ ಪಿ.ಬಿ.ಎಸ್.ನಲ್ಲಿ ೧೯೮೦ನೆಯ ಸೆಪ್ಟೆಂಬರ್ ೨೮ರಂದು ಮೊದಲ ಕಂತು ಪ್ರಸಾರವಾಯಿತು. ವಾರಕ್ಕೊಂದರಂತೆ ಹದಿಮೂರು ಕಂತುಗಳು. ಒಂದೊಂದೂ ಸುಮಾರು ಒಂದು ಗಂಟೆಯದು. ಲಾಸ್ ಏಂಜಲೀಸಿನ ಕೆ.ಸಿ.ಇ.ಟಿ. ಕೇಂದ್ರ ಇದನ್ನು ತಯಾರಿಸಿತು. ನಿರೂಪಕರು ಕಾರ್ನೆಲ್ ವಿಶ್ವವಿದ್ಯಾನಿಲಯದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ (೧೯೩೪–೧೯೯೬). ಬರವಣಿಗೆಯಲ್ಲಿ ಅವರೊಡನೆ ಆನ್ ಡ್ರುಯನ್ ಮತ್ತು ಸ್ಟೀವನ್ ಸೋಟರ್ ಇದ್ದರು. ನಿರ್ಮಾಣದ ಹೊಣೆ ಹೊತ್ತ ಏಡ್ರಿಯನ್ ಮಲೋನ್ ಅದಕ್ಕೆ ಮೊದಲು ಬಿ.ಬಿ.ಸಿ.ಗಾಗಿ ಬ್ರನೋವ್‌ಸ್ಕಿಯವರ ‘ದಿ ಅಸೆಂಟ್ ಆಫ್ ಮ್ಯಾನ್’ (೧೯೭೩) ಮಾಲಿಕೆಯನ್ನು ಮಾಡಿ ಕೈ ಪಳಗಿಸಿಕೊಂಡಿದ್ದವರು. ೨೦೧೪ರಲ್ಲಿ ಇದೇ ಹೆಸರಿನಿಂದ ಹೊಸ ಮಾಲಿಕೆಯೊಂದು ನೀಲ್ ಡಿಗ್ರಾಸ್ ಟೈಸನ್ನರ ನಿರೂಪಣೆಯಲ್ಲಿ ಬಂದಿದೆ. ಇಲ್ಲಿನ ಮಾತು ಮೊದಲಿನದನ್ನು ಕುರಿತದ್ದು.

ಹೆಸರನ್ನು ಕುರಿತು ಒಂದು ಮಾತು. ಗ್ರೀಕರ ‘ಕಾಸ್ಮೋಸ್’ ಎಂಬ ಶಬ್ದಕ್ಕೆ ಬರಿಯ ವಿಶ್ವವೆಂದು ಅರ್ಥವಲ್ಲ. ವ್ಯವಸ್ಥೆಯುಳ್ಳ ವಿಶ್ವವೆಂದು ಅರ್ಥ. ನಮ್ಮ ‘ಜಗತ್ತು’ ಚಲಿಸುವುದನ್ನು ಹೇಳುತ್ತದೆ, ‘ವಿಶ್ವ’ ಸಮಸ್ತವನ್ನು ಹೇಳುತ್ತದೆ, ‘ಬ್ರಹ್ಮಾಂಡ’ ಹುಟ್ಟನ್ನು ನೆನಪಿಸುತ್ತದೆ. ವ್ಯವಸ್ಥೆಯ ಅರ್ಥ ವೇದದ ‘ಋತ’ ಶಬ್ದದಲ್ಲಿದೆಯಾದರೂ ಅದು ಬಳಕೆಯ ಮಾತಾಗಿ ಉಳಿದಿಲ್ಲ. ಆದ್ದರಿಂದ ಹೆಸರನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

೨

ಮಾಲಿಕೆಯ ಗುಣಗಳಲ್ಲಿ ಮೊದಲು ಹೇಳಬೇಕಾದದ್ದು ಅದರ ಬೋಧನಾಕ್ರಮ. ಮೊದಲ ಕಂತಿನಲ್ಲಿ ಎರಟೋಸ್ತನೀಸನ ಪ್ರಸಂಗ ಬರುತ್ತದೆ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಈ ಪಂಡಿತನಿಗೆ, ದಕ್ಷಿಣದ ಸೈಯೀನಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲಿನ ನಡುಮಧ್ಯಾಹ್ನ ಕೋಲಿಗೆ ನೆರಳಿಲ್ಲವೆಂಬ ಸಂಗತಿ ತಿಳಿಯಿತು. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ನೆರಳು ಬೀಳುತ್ತಿತ್ತು. ಭೂಮಿ ಚಪ್ಪಟೆಯಾಗಿದ್ದರೆ ಇದು ಹೇಗೆ? ಸೇಗನ್ನರು ಒಂದು ರಟ್ಟಿನ ನಕ್ಷೆಗೆ ಎರಡು ಪುಟ್ಟ ಕಡ್ಡಿಗಳನ್ನು ಸಿಕ್ಕಿಸಿ, ರಟ್ಟನ್ನು ನೇರವಾಗಿ ಹಿಡಿದಾಗ ನೆರಳುಗಳು ಸಮವಾಗಿರುವುದನ್ನೂ ಬಾಗಿಸಿದಾಗ ಬೇರೆಯಾಗುವುದನ್ನೂ ತೋರಿಸುತ್ತಾರೆ. ಕೋನ ಸುಮಾರು ಏಳು ಡಿಗ್ರಿ, ಅಂದರೆ ವೃತ್ತದ ಐವತ್ತನೆಯ ಒಂದು ಪಾಲು. ಊರುಗಳ ಅಂತರ ಸುಮಾರು ೮೦೦ ಕಿಲೋಮೀಟರು. ಆದ್ದರಿಂದ ಭೂಮಿಯ ಸುತ್ತಳತೆ ಸುಮಾರು ೪೦,೦೦೦ ಕಿಲೋಮೀಟರು. ಬೇಕಾದ ಉಪಕರಣ ಕೋಲು, ಕಣ್ಣು, ಕಾಲು ಮತ್ತು ತಲೆ. ಪ್ರಯೋಗಶಾಲೆ ಇಲ್ಲವೆಂದು ಪಾಠವನ್ನು ಓದಿ ಮುಗಿಸುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆಯೋ ಅವರು (ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ) ಈ ಐದಾರು ನಿಮಿಷಗಳನ್ನು ನೋಡತಕ್ಕದ್ದು.

ಎರಡನೆಯ ಗುಣ, ಸೋಲನ್ನು ಮರೆಮಾಡದೆ ಹೇಳುವುದು. ಮೂರನೆಯ ಕಂತು ಕೆಪ್ಲರನದು. ಗ್ರಹಗಳ ಕಕ್ಷೆಗಳು ಐದು ಘನಾಕೃತಿಗಳ ಜೋಡಣೆಯಲ್ಲಿ ಅಡಗಿವೆಯೆಂದು ನಂಬಿ ಆತ ತನ್ನ ಯೌವನವನ್ನೆಲ್ಲ ಆ ಸುಂದರ ಕಲ್ಪನೆಗೆ ಒಪ್ಪಿಸಿದ್ದನು. ಟೈಕೋ ಬ್ರಾಹೆಯ ಮಂಗಳಗ್ರಹದ ಅಳತೆಗಳಿಗೂ ತನ್ನ ವೃತ್ತದ ಲೆಕ್ಕಕ್ಕೂ ಬಂದ ವ್ಯತ್ಯಾಸ ಎಂಟು ಕಲೆಗಳಷ್ಟು. ಎಂದರೆ ಒಂದು ಡಿಗ್ರಿಯಲ್ಲಿ ಏಳನೆಯ ಒಂದು ಪಾಲಿಗಿಂತಲೂ ಕಡಿಮೆ. ಬೇರೊಬ್ಬನಾಗಿದ್ದರೆ ಅಳತೆಯದೇ ತಪ್ಪೆಂದು ಸುಮ್ಮನಾಗುತ್ತಿದ್ದನು. ಕೆಪ್ಲರನು ವೃತ್ತವನ್ನೇ ಕೈಬಿಟ್ಟು ದೀರ್ಘವೃತ್ತಕ್ಕೆ ಬಂದನು. ೧೬೦೯ರಲ್ಲಿ ಅದನ್ನು ಪ್ರಕಟಿಸಿದನು. ನಮ್ಮ ಪಠ್ಯಪುಸ್ತಕಗಳಲ್ಲಿ ಕೆಪ್ಲರನ ಮೂರು ನಿಯಮಗಳಿವೆ, ಕೆಪ್ಲರನಿಲ್ಲ. ನಿಯಮವನ್ನು ಬಾಯಿಪಾಠ ಮಾಡಿದ ಹುಡುಗನಿಗೆ, ಅದನ್ನು ಕಂಡವನು ಎಷ್ಟು ವರ್ಷ ತಪ್ಪುದಾರಿಯಲ್ಲಿ ನಡೆದನೆಂಬುದು ತಿಳಿಯದೆ ಹೋದರೆ, ವಿಜ್ಞಾನವೆಂದರೆ ಸಿದ್ಧವಾಗಿ ಇಳಿದುಬಂದದ್ದೆಂಬ ಭಾವನೆ ಹುಟ್ಟುತ್ತದೆ. ಹದಿಮೂರರಲ್ಲಿ ಶ್ರೇಷ್ಠವಾದುದು ಯಾವುದೆಂದು ಕೇಳಿದರೆ ನಾನು ಈ ಕಂತನ್ನೇ ತೋರಿಸುವೆನು.

ಮೂರನೆಯದು, ನಿತ್ಯದ ವಸ್ತುವಿನಿಂದ ಹೊರಡುವ ಕ್ರಮ. ನಕ್ಷತ್ರಗಳ ಗರ್ಭದಲ್ಲಿ ಇಂಗಾಲ, ಆಮ್ಲಜನಕ ಮೊದಲಾದ ಧಾತುಗಳು ತಯಾರಾಗುವ ವಿಷಯವನ್ನು ಒಂಬತ್ತನೆಯ ಕಂತು ಸೇಬಿನ ಕಡುಬೊಂದರಿಂದ ಆರಂಭಿಸುತ್ತದೆ. ಆ ಕಡುಬನ್ನು ಅರ್ಧ ಮಾಡಿ, ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋದರೆ ಸುಮಾರು ತೊಂಬತ್ತನೆಯ ಹೋಳಿಗೆ ಒಂದು ಪರಮಾಣು ಉಳಿಯುತ್ತದಂತೆ. ನಮ್ಮ ಮಕ್ಕಳಿಗೆ ಇದನ್ನು ಒಬ್ಬಟ್ಟಿನಲ್ಲಿ ಹೇಳಬಹುದು; ಲೆಕ್ಕ ಬದಲಾಗುವುದಿಲ್ಲ. ಏಳನೆಯ ಕಂತಿನಲ್ಲಿ ಅವರು ಬ್ರೂಕ್ಲಿನ್ನಿನ ತಮ್ಮ ಹಳೆಯ ಶಾಲೆಗೆ ಹೋಗಿ, ಮಕ್ಕಳಿಗೆ ಗ್ರಹಗಳ ಚಿತ್ರಗಳನ್ನು ಹಂಚಿ, ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಅಲ್ಲಿ ಸಂಗೀತವಿಲ್ಲ, ಕಲ್ಪನೆಯ ನೌಕೆಯಿಲ್ಲ. ಒಬ್ಬ ಮೇಷ್ಟ್ರು, ಒಂದು ತರಗತಿ. ಆದರೂ ಆ ದೃಶ್ಯ ಉಳಿದವುಗಳಿಗಿಂತ ಹೆಚ್ಚು ನೆನಪಿನಲ್ಲಿ ನಿಲ್ಲುತ್ತದೆ.

೩

ಇನ್ನು ದೋಷಗಳು. ಕಲ್ಪನಾನೌಕೆಯಲ್ಲಿ ನಿರೂಪಕರು ಕುಳಿತು ವಿಸ್ಮಯದಿಂದ ನೋಡುತ್ತಿರುವ ದೃಶ್ಯಗಳು ಅಗತ್ಯಕ್ಕಿಂತ ದೀರ್ಘವಾಗಿವೆ. ಪ್ರೇಕ್ಷಕನು ನಕ್ಷತ್ರವನ್ನು ನೋಡಬೇಕೆನ್ನುವಾಗ ನಕ್ಷತ್ರವನ್ನು ನೋಡುತ್ತಿರುವವರ ಮುಖವನ್ನು ನೋಡಬೇಕಾಗುತ್ತದೆ. ಇದು ಸಣ್ಣ ಮಾತು. ದೊಡ್ಡ ದೋಷಗಳು ಇತಿಹಾಸಕ್ಕೆ ಸಂಬಂಧಿಸಿದವು.

ಅಲೆಕ್ಸಾಂಡ್ರಿಯದ ಗ್ರಂಥಭಂಡಾರದ ನಾಶವನ್ನೂ ಕ್ರಿ.ಶ. ೪೧೫ರಲ್ಲಿ ನಡೆದ ವಿದುಷಿ ಹೈಪೇಷಿಯಳ ಕೊಲೆಯನ್ನೂ ಮಾಲಿಕೆ ಒಂದೇ ದುರಂತದ ಎರಡು ಮುಖಗಳಂತೆ ಹೇಳುತ್ತದೆ. ಗ್ರಂಥಭಂಡಾರ ಆಕೆಯ ಕಾಲಕ್ಕೆ ಶತಮಾನಗಳಷ್ಟು ಮೊದಲೇ ಕ್ಷೀಣಿಸಿತ್ತು. ೩೯೧ರ ಸುಮಾರಿಗೆ ಕೆಡವಲಾದದ್ದು ಸೆರಾಪಿಸ್ ದೇವಾಲಯ. ಬಹುಕಾಲ ಹಿಡಿದ ಅವನತಿಯನ್ನು ಒಂದು ರಾತ್ರಿಯ ಬೆಂಕಿಯನ್ನಾಗಿ ಮಾಡಿದರೆ ಕಥೆಗೆ ಬಿಗಿ ಬರುತ್ತದೆ, ಸತ್ಯ ಸಡಿಲಾಗುತ್ತದೆ. ಗ್ರಂಥಾಲಯಗಳು ಬೆಂಕಿಗಿಂತ ಹೆಚ್ಚಾಗಿ ಅನಾದರದಿಂದ ಸಾಯುತ್ತವೆ ಎಂಬುದು ಗಡಿನಾಡಿನ ನಮಗೆ ತಿಳಿಯದ ಸಂಗತಿಯೆ? ಆ ಪಾಠವನ್ನು ಹೇಳುವ ಅವಕಾಶವನ್ನು ಮಾಲಿಕೆ ಕಳೆದುಕೊಂಡಿತು.

ಎರಡನೆಯ ಕಂತಿನ ಹೈಕೆ ಏಡಿಯ ಕಥೆಯೂ ಹೀಗೆಯೇ. ಜಪಾನಿನ ದಾನ್‌-ನೋ-ಊರ ಕದನದಲ್ಲಿ (೧೧೮೫) ಹೈಕೆ ವಂಶದ ವೀರರು ಸಮುದ್ರಪಾಲಾದರು. ಅಲ್ಲಿನ ಕೆಲವು ಏಡಿಗಳ ಬೆನ್ನಿನ ಚಿಪ್ಪು ಯೋಧನ ಮುಖವನ್ನು ಹೋಲುತ್ತದೆ. ಬೆಸ್ತರು ಅಂಥ ಏಡಿಗಳನ್ನು ಭಕ್ತಿಯಿಂದ ನೀರಿಗೇ ಬಿಟ್ಟದ್ದರಿಂದ ಮುಖವಿರುವ ಸಂತತಿ ಹೆಚ್ಚಿತೆಂದು ಸೇಗನ್ನರು ಕೃತಕ ಆಯ್ಕೆಗೆ ಇದನ್ನು ಉದಾಹರಣೆ ಕೊಡುತ್ತಾರೆ. ಜೂಲಿಯನ್ ಹಕ್ಸ್ಲಿಯವರು ೧೯೫೨ರಲ್ಲಿಯೇ ಈ ಮಾತನ್ನು ಹೇಳಿದ್ದರು. ಆದರೆ ೧೯೯೩ರಲ್ಲಿ ಜೋಯೆಲ್ ಮಾರ್ಟಿನ್ ಎಂಬ ಪ್ರಾಣಿವಿಜ್ಞಾನಿ ಮೂರು ಆಕ್ಷೇಪಗಳನ್ನೆತ್ತಿದರು. ಆ ಏಡಿ ಸಣ್ಣದು, ಅದನ್ನು ತಿನ್ನುವವರೇ ಇಲ್ಲ. ಚಿಪ್ಪಿನ ಗೆರೆಗಳು ಒಳಗಿನ ಸ್ನಾಯುಗಳು ಅಂಟಿಕೊಳ್ಳುವ ಜಾಗಗಳು. ಇಂಥ ‘ಮುಖ’ಗಳು ಬೇರೆ ಕಡೆಯ ಸಂಬಂಧಿ ಜಾತಿಗಳಲ್ಲಿಯೂ ಪಳೆಯುಳಿಕೆಗಳಲ್ಲಿಯೂ ಇವೆ. ಕೃತಕ ಆಯ್ಕೆ ಎಂಬ ತತ್ತ್ವ ಇದರಿಂದ ಸುಳ್ಳಾಗುವುದಿಲ್ಲ. ನಾಯಿ, ದನ, ಭತ್ತಗಳಿಂದ ಅದನ್ನು ಧಾರಾಳವಾಗಿ ತೋರಿಸಬಹುದು. ಸುಂದರವಾದ ಉದಾಹರಣೆಯನ್ನು ಇನ್ನೊಮ್ಮೆ ಪರೀಕ್ಷಿಸಬೇಕು ಎಂಬುದಷ್ಟೇ ಇಲ್ಲಿಂದ ನಾವು ಕಲಿಯತಕ್ಕದ್ದು.

ಕಾಲದಿಂದ ಹಳತಾದ ಅಂಕಿಗಳನ್ನು ದೋಷವೆನ್ನುವುದು ನ್ಯಾಯವಲ್ಲ. ವಿಶ್ವದ ಆಯುಸ್ಸನ್ನು ಒಂದು ವರ್ಷಕ್ಕೆ ಇಳಿಸಿ ತೋರಿಸುವ ‘ವಿಶ್ವಪಂಚಾಂಗ’ಕ್ಕೆ ಸೇಗನ್ನರು ೧೫೦೦ ಕೋಟಿ ವರ್ಷಗಳನ್ನು ಹಿಡಿದರು, ಇಂದಿನ ಲೆಕ್ಕ ಸುಮಾರು ೧೩೮೦ ಕೋಟಿ. ಮಕ್ಕಳಿಂದಲೇ ಹೊಸದಾಗಿ ಲೆಕ್ಕ ಮಾಡಿಸಬಹುದು. ಒಂದು ಸೆಕೆಂಡಿಗೆ ಸುಮಾರು ೪೩೭ ವರ್ಷ ಬರುತ್ತದೆ. ಭೂಮಿ ಹುಟ್ಟಿದ್ದು ಸೆಪ್ಟೆಂಬರಿನ ಮೊದಲ ವಾರದಲ್ಲಿ. ಕ್ರಿ.ಶ. ೪೫೦ರ ಸುಮಾರಿನ ಹಲ್ಮಿಡಿ ಶಾಸನವನ್ನು ಕೆತ್ತಿ ನಾಲ್ಕು ಸೆಕೆಂಡುಗಳೂ ಆಗಿಲ್ಲ. ನಾವು ‘ಪ್ರಾಚೀನ’ ಎನ್ನುವುದನ್ನು ಅಳೆಯಲು ಇಂಥದೊಂದು ಕೋಲು ಸಂಶೋಧಕರ ಬಳಿಯೂ ಇದ್ದರೆ ಕೆಡುಕಿಲ್ಲ.

೪

ಈ ಲೇಖನಕ್ಕೆ ನಿಜವಾದ ಕಾರಣ ಹತ್ತನೆಯ ಕಂತು. ಅದರಲ್ಲಿ ಸೇಗನ್ನರು ತಮಿಳುನಾಡಿಗೆ ಬಂದು ಪೊಂಗಲ್ ಹಬ್ಬವನ್ನೂ ಚೋಳರ ಕಾಲದ ಕಂಚಿನ ನಟರಾಜನನ್ನೂ ತೋರಿಸುತ್ತಾರೆ. ಬ್ರಹ್ಮನ ಹಗಲು–ಇರುಳುಗಳ ಲೆಕ್ಕವನ್ನು ಹೇಳುತ್ತಾರೆ. ಒಂದು ಮಹಾಯುಗ ೪೩,೨೦,೦೦೦ ವರ್ಷ. ಸಾವಿರ ಮಹಾಯುಗ ಬ್ರಹ್ಮನಿಗೆ ಒಂದು ಹಗಲು, ೪೩೨ ಕೋಟಿ ವರ್ಷ. ಹಗಲೂ ಇರುಳೂ ಸೇರಿ ೮೬೪ ಕೋಟಿ. ಆಧುನಿಕ ಖಗೋಳವಿಜ್ಞಾನದ ಕಾಲಮಾನಕ್ಕೆ ಹೊಂದುವ ಕಾಲಮಾನ ಇರುವುದು ಹಿಂದೂ ಮತವೊಂದರಲ್ಲಿಯೇ ಎಂದು ಅವರು ಆಡುವ ಮಾತು ನಮ್ಮ ಎಷ್ಟೋ ಸಭೆಗಳಲ್ಲಿ ಕೇಳಿಬರುತ್ತದೆ.

ಅದನ್ನು ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಿಜ್ಞಾನ ದಿನಾಚರಣೆಯಲ್ಲಿ, ಯಾವುದೋ ಪತ್ರಿಕೆಯಲ್ಲಿ ಓದಿದ್ದ ಆ ಮಾತನ್ನು ಗಟ್ಟಿಯಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೊಠಡಿಯ ಬಾಗಿಲಲ್ಲಿ ನಿಂತು, “ಮಾಷ್ಟ್ರೇ, ಆ ಕಂತು ನಾನು ನೋಡಿದ್ದೇನೆ. ಅದು ಆಕಸ್ಮಿಕ ಅಂತಲೂ ಅವರು ಹೇಳಿದ್ದಾರಲ್ಲ?” ಎಂದಳು. “ನೋಡಿ ಹೇಳುತ್ತೇನಮ್ಮ” ಎಂದೆ. ಮನೆಗೆ ಹೋಗಿ ನೋಡಿದೆ. ಹುಡುಗಿಯ ಮಾತೇ ಸರಿ. ಈ ಹೊಂದಿಕೆ ನಿಸ್ಸಂದೇಹವಾಗಿ ಆಕಸ್ಮಿಕವಾದುದೆಂದು ಸೇಗನ್ನರು ಅದೇ ವಾಕ್ಯದಲ್ಲಿ ಹೇಳಿದ್ದಾರೆ. ನಾನು ಓದಿದ ಪತ್ರಿಕೆ ಆ ಶಬ್ದವನ್ನು ಬಿಟ್ಟಿತ್ತು. ಮೂಲವನ್ನು ನೋಡದೆ ನಾನೂ ಬಿಟ್ಟೆ. ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ತಪ್ಪನ್ನು ಮಕ್ಕಳಿಗೆ ಹೇಳಿದೆ. ಹಾಗೆ ಹೇಳುವುದು ಸುಲಭವಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಒಂದು ಶಬ್ದದ ಲೋಪವೆಂದು ಇದನ್ನು ಲಘುವಾಗಿ ಕಾಣತಕ್ಕದ್ದಲ್ಲ. ಹಸ್ತಪ್ರತಿಯಲ್ಲಿ ಲಿಪಿಕಾರನು ಒಂದು ಅಕ್ಷರ ಬಿಟ್ಟರೆ ನಮ್ಮ ಸಂಶೋಧಕರು ಪಾಠಾಂತರವೆಂದು ಅಡಿಟಿಪ್ಪಣಿ ಹಾಕುತ್ತಾರೆ. ವೇದಿಕೆಯ ಮೇಲೆ ಮಾತ್ರ ನಮಗೆ ಬೇಕಾದ ಪಾಠವನ್ನೇ ಮೂಲವೆನ್ನುತ್ತೇವೆ.

ಅಷ್ಟೇ ಅಲ್ಲ, ಆ ಪ್ರಶಂಸಾಪತ್ರವನ್ನೇ ನಂಬಿ ನಿಂತವರಿಗೆ ಮುಂದೆ ತೊಡಕಿದೆ. ೮೬೪ ಕೋಟಿ ಎಂಬುದು ಮಹಾಸ್ಫೋಟದಿಂದೀಚೆಗಿನ ಕಾಲದ ಸುಮಾರು ಅರ್ಧವೆಂದು ಸೇಗನ್ನರು ಹೇಳಿದ್ದರು. ೧೩೮೦ ಕೋಟಿಯ ಲೆಕ್ಕದಲ್ಲಿ ಅದು ಎಂಟರಲ್ಲಿ ಐದು ಪಾಲಾಗುತ್ತದೆ. ವಿಶ್ವ ಹಿಗ್ಗಿ ಕುಗ್ಗಿ ಮತ್ತೆ ಹಿಗ್ಗುವ ಸಾಧ್ಯತೆಯನ್ನು ಆ ಕಂತು ಚರ್ಚಿಸುತ್ತದೆ. ಆದರೆ ಹಿಗ್ಗುವಿಕೆಯ ವೇಗ ಕಡಿಮೆಯಾಗುತ್ತಿಲ್ಲ, ಏರುತ್ತಿದೆ ಎಂಬುದು ೧೯೯೮ರಲ್ಲಿ ಕಂಡುಬಂದಿತು. ಆ ಶೋಧಕ್ಕೆ ೨೦೧೧ರಲ್ಲಿ ನೊಬೆಲ್ ಬಹುಮಾನವೂ ದೊರೆಯಿತು. ಯುಗಚಕ್ರಕ್ಕೆ ವಿಜ್ಞಾನದ ಒಪ್ಪಿಗೆ ಸಿಕ್ಕಿತೆಂದು ಹಿಗ್ಗಿದವರು ಈಗ ವಿಜ್ಞಾನವನ್ನು ಬಿಡಬೇಕೋ ಯುಗಚಕ್ರವನ್ನು ಬಿಡಬೇಕೋ? ನಮ್ಮ ಪೂರ್ವಿಕರಿಗೆ ಇಂಥ ಇಕ್ಕಟ್ಟು ಇರಲಿಲ್ಲ. ಗ್ರಹಗಳ ಪ್ರದಕ್ಷಿಣೆಗಳು ಪೂರ್ಣಸಂಖ್ಯೆಯಲ್ಲಿ ಮುಗಿಯುವಂತೆ ಲೆಕ್ಕ ಹಿಡಿಯಲು ಜ್ಯೋತಿಷಿಗಳಿಗೆ ಯುಗಮಾನ ಒಂದು ಸಾಧನವಾಗಿತ್ತು. ಆರ್ಯಭಟನು ಕಲ್ಪಕ್ಕೆ ಸಾವಿರದ ಬದಲು ೧೦೦೮ ಮಹಾಯುಗಗಳನ್ನು ಹಿಡಿದು ನಾಲ್ಕು ಯುಗಪಾದಗಳನ್ನೂ ಸಮ ಮಾಡಿದನು. ಬ್ರಹ್ಮಗುಪ್ತನು ಅದನ್ನು ಖಂಡಿಸಿದನು. ನಮ್ಮ ಪರಂಪರೆಯ ಹೆಮ್ಮೆಯನ್ನು ಹುಡುಕುವುದಾದರೆ, ದೊಡ್ಡ ಸಂಖ್ಯೆ ಒಂದಕ್ಕೊಂದು ಕಾಕತಾಳೀಯವಾಗಿ ಹೊಂದಿದುದರಲ್ಲಿ ಅಲ್ಲ, ಈ ಖಂಡನ–ಮಂಡನದ ಧೈರ್ಯದಲ್ಲಿ ಹುಡುಕಬೇಕು. ಕೆಪ್ಲರನನ್ನು ಮೆಚ್ಚಿ ಆ ‘ಆಕಸ್ಮಿಕ’ವನ್ನು ನುಂಗಿದವರು ಕೆಪ್ಲರನ ಕಂತನ್ನು ನೋಡಿದ್ದೂ ವ್ಯರ್ಥವೇ.

೫

ಕಡೆಯದಾಗಿ, ನಮ್ಮ ಶಾಲೆಗಳಿಗೆ ಇದರಿಂದ ಏನು ಪ್ರಯೋಜನ? ಕನ್ನಡನಾಡಿಗೆ ದೂರದರ್ಶನದ ಶಿಕ್ಷಣ ಹೊಸತಲ್ಲ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಕೃಷಿ, ಆರೋಗ್ಯ, ಮಕ್ಕಳ ವಿಜ್ಞಾನ ಪಾಠಗಳು ತಲುಪಿದವು; ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅವುಗಳಲ್ಲಿದ್ದವು. ಮುಂದೆ ‘ಟರ್ನಿಂಗ್ ಪಾಯಿಂಟ್’ ಎಂಬ ದೂರದರ್ಶನದ ವಿಜ್ಞಾನಮಾಲಿಕೆಯಲ್ಲಿ ನಮ್ಮ ಗಿರೀಶ ಕಾರ್ನಾಡರು ನಿರೂಪಕರಾದರು, ಪ್ರೊ. ಯಶಪಾಲರು ಪ್ರೇಕ್ಷಕರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಸೇಗನ್ನರಿಗೂ ಕನ್ನಡಕ್ಕೂ ಒಂದು ನಂಟಿದೆ. ೧೯೭೭ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿರುವ ಚಿನ್ನದ ಲೇಪದ ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಅದರಲ್ಲಿ ಶುಭಾಶಯ ಹೇಳಿರುವ ೫೫ ಭಾಷೆಗಳಲ್ಲಿ ಕನ್ನಡವೂ ಒಂದು. ವಾಯೇಜರ್–೧ ನೌಕೆ ೨೦೧೨ರಲ್ಲಿ ಸೌರವಾಯುವಿನ ಎಲ್ಲೆಯನ್ನು ದಾಟಿತು. ಇದನ್ನು ಮಕ್ಕಳಿಗೆ ಹೇಳಿದರೆ ಅವರ ಕಣ್ಣರಳುವುದು ಸಹಜ. ಆದರೆ ನೌಕೆಯಲ್ಲಿ ಕನ್ನಡವಿದ್ದು ತರಗತಿಯಲ್ಲಿ ಕನ್ನಡದಿಂದ ವಿಜ್ಞಾನ ಹೇಳುವವರಿಲ್ಲದೆ ಹೋದರೆ ಆ ಶುಭಾಶಯಕ್ಕೆ ಅರ್ಥವೇನು?

ಆದ್ದರಿಂದ ಒಂದು ಸೂಚನೆಯನ್ನು ಮುಂದಿಡುತ್ತೇನೆ. ಗಡಿಯಾಚೆಯ ಕನ್ನಡ ಶಾಲೆಗಳಿಗೆ ಎರಟೋಸ್ತನೀಸನ ಪ್ರಯೋಗ ಹೇಳಿಮಾಡಿಸಿದಂತಿದೆ. ಕೇರಳದ ಕಾಸರಗೋಡು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಹಾರಾಷ್ಟ್ರದ ಜತ್ತ ಸುಮಾರು ಹದಿನೇಳು ಡಿಗ್ರಿಯಲ್ಲಿದೆ. ಎರಡರ ರೇಖಾಂಶದಲ್ಲಿ ಕಾಲು ಡಿಗ್ರಿಯಷ್ಟೇ ವ್ಯತ್ಯಾಸ. ಅಲೆಕ್ಸಾಂಡ್ರಿಯಕ್ಕೂ ಸೈಯೀನಿಗೂ ಈ ವ್ಯತ್ಯಾಸ ಸುಮಾರು ಮೂರು ಡಿಗ್ರಿ. ನಮ್ಮ ಜೋಡಿಯೇ ಉತ್ತಮ. ಮಾರ್ಚ್ ೨೧ರ ಸುಮಾರಿಗೆ ಎರಡೂ ಊರುಗಳಲ್ಲಿ ಒಂದು ಮೀಟರಿನ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಯನ್ನು ಐದೈದು ನಿಮಿಷಕ್ಕೊಮ್ಮೆ ಗುರುತಿಸಬೇಕು. ಅತಿ ಚಿಕ್ಕ ನೆರಳು ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ; ಹನ್ನೆರಡೂವರೆ ದಾಟಿದ ಮೇಲೆ ಬರುತ್ತದೆ. ಏಕೆಂದು ಮಕ್ಕಳನ್ನೇ ಕೇಳಬೇಕು. ಕಾಸರಗೋಡಿನಲ್ಲಿ ನೆರಳು ಸುಮಾರು ೨೨ ಸೆಂಟಿಮೀಟರು, ಜತ್ತದಲ್ಲಿ ಸುಮಾರು ಮೂವತ್ತೂವರೆ ಬರಬೇಕು. ಕೋನಗಳ ವ್ಯತ್ಯಾಸ ನಾಲ್ಕೂವರೆ ಡಿಗ್ರಿ, ವೃತ್ತದ ಎಂಬತ್ತನೆಯ ಒಂದು ಪಾಲು. ನಕ್ಷೆಯ ಮೇಲಿನ ನೇರ ದೂರ ಸುಮಾರು ಐನೂರು ಕಿಲೋಮೀಟರು. ಎಂಬತ್ತರಿಂದ ಗುಣಿಸಿದರೆ ೪೦,೦೦೦. ನೆರಳಿನ ಅಳತೆ ಅರ್ಧ ಸೆಂಟಿಮೀಟರು ತಪ್ಪಿದರೆ ಉತ್ತರ ನೂರಕ್ಕೆ ಆರರಷ್ಟು ತಪ್ಪುತ್ತದೆ. ಆ ತಪ್ಪನ್ನು ತಿದ್ದದೆ ಹಾಗೆಯೇ ಬರೆದಿಡಬೇಕು. ಎಂಟು ಕಲೆಗಳ ಕಥೆಯನ್ನು ಹೇಳಲು ಅದೇ ತಕ್ಕ ಸಮಯ.

ಉತ್ತರದ ಕೊನೆಯ ಶಾಲೆಯ ಮಕ್ಕಳು ದಕ್ಷಿಣದ ಕೊನೆಯ ಶಾಲೆಯ ಮಕ್ಕಳಿಗೆ ತಮ್ಮ ಅಳತೆಯನ್ನು ಕನ್ನಡದಲ್ಲಿ ಬರೆದು ಕಳುಹಿಸಲಿ. ಒಬ್ಬರ ಅಂಕಿಯಿಲ್ಲದೆ ಇನ್ನೊಬ್ಬರಿಗೆ ಭೂಮಿಯ ಅಳತೆ ಸಿಕ್ಕುವುದಿಲ್ಲ. ‘ಕಾಸ್ಮೋಸ್’ ಮಾಲಿಕೆಯ ಬೆಲೆ ಏನೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ನೋಡಿ ಮುಗಿಸಿದ ಮೇಲೆ ಕೋಲು ಹಿಡಿದು ಅಂಗಳಕ್ಕೆ ಇಳಿಯುವಂತೆ ಮಾಡುವ ಶಕ್ತಿ ಅದಕ್ಕಿದೆ. ಇಳಿಯುವುದೂ ಬಿಡುವುದೂ ನಮಗೆ ಸೇರಿದ್ದು. ಮುಂದಿನ ಮಾರ್ಚಿಗೆ ನಮ್ಮ ಶಾಲೆಯ ಅಂಗಳದಲ್ಲಿ ಕೋಲು ಸಿದ್ಧವಾಗಿರುತ್ತದೆ. ಜತ್ತದ ಕಡೆಯ ಅಧ್ಯಾಪಕಮಿತ್ರರು ಯಾರಾದರೂ ಕೈಜೋಡಿಸಬೇಕೆಂದು ವಿನಂತಿ.